ಮನೆಯ ವೈಫೈ ರೂಟರ್ ಬದಲಿಸುವ ಮುನ್ನ

ಇಂದು ಮನೆಯಲ್ಲಿ ಇಂಟರ್‌ನೆಟ್ ನಿಂತರೆ ಮಕ್ಕಳ ಪಾಠ, ಬ್ಯಾಂಕಿನ ವ್ಯವಹಾರ, ಪರದೇಶದಲ್ಲಿರುವ ಮಗನೊಡನೆ ಮಾತುಕತೆ ಎಲ್ಲವೂ ನಿಂತಂತೆಯೇ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿರುವ ನಮ್ಮ ಓದುಗರು ಆಗಾಗ ಕೇಳುವ ಪ್ರಶ್ನೆ ಇದು: "ರೂಟರ್ ಹಾಳಾಗಿದೆ, ಯಾವುದನ್ನು ಕೊಳ್ಳಲಿ?"

ಅಲ್ಲಿನ ಒಂದು ಕುಟುಂಬದಲ್ಲಿ ಮಗಳ ಕಾಲೇಜು ಅರ್ಜಿಗೆ ಎರಡೇ ದಿನ ಉಳಿದಿರುವಾಗ ಇಂಟರ್‌ನೆಟ್ ನಿಂತಿತು. ಅವಸರದಲ್ಲಿ ಹೊಸ ರೂಟರ್ ತಂದರು. ಫಲ ಸಿಗಲಿಲ್ಲ. ಕಬ್ಬು ತುಂಬಿದ ಟ್ರ್ಯಾಕ್ಟರ್ ತಗುಲಿ ಬೀದಿಯ ಕೇಬಲ್ ತುಂಡಾಗಿತ್ತು! ಹಣವೂ ಹೋಯಿತು, ಒಂದು ದಿನವೂ ಹೋಯಿತು. ಆದುದರಿಂದ ಕೊಳ್ಳುವ ಮೊದಲು ಈ ಕೆಳಗಿನ ವಿಷಯಗಳನ್ನು ಗಮನಿಸುವುದು ಒಳ್ಳೆಯದು.

1. ಕೆಟ್ಟಿರುವುದು ರೂಟರೇ?
ಫೈಬರ್ ಪೆಟ್ಟಿಗೆಯಲ್ಲಿ 'ಎಲ್.ಓ.ಎಸ್.' ಎಂಬ ಕೆಂಪು ದೀಪ ಉರಿಯುತ್ತಿದ್ದರೆ ಹೊರಗಿನಿಂದ ಬೆಳಕಿನ ಸಂಕೇತ ಬರುತ್ತಿಲ್ಲ ಎಂದರ್ಥ. ಆಗ ಸಂಪರ್ಕ ಕೊಟ್ಟವರಿಗೆ ದೂರು ಕೊಡಬೇಕು. ರೂಟರ್ ಆಗಾಗ ತಾನಾಗಿಯೇ ಆರಿ ಹತ್ತುತ್ತಿದ್ದರೆ ಅಡಾಪ್ಟರ್ ಸೋತಿರಬಹುದು. ಅಷ್ಟೇ ವೋಲ್ಟಿನ, ಅಷ್ಟೇ ಅಥವಾ ಹೆಚ್ಚು ಆಂಪಿಯರಿನ ಅಡಾಪ್ಟರ್ ಹಾಕಿ ನೋಡಿ.

2. ಮನೆಗೆ ಬಂದಿರುವ ಲೈನ್ ಯಾವುದು?
ಹಳೆಯ ಟೆಲಿಫೋನ್ ತಂತಿಗೆ ಬೇಕಾದ ಎಡಿಎಸ್‌ಎಲ್ ಮೋಡೆಮ್ ಬೇರೆ, ಫೈಬರ್ ಪೆಟ್ಟಿಗೆ ಬೇರೆ, ಬರಿಯ ವೈಫೈ ರೂಟರ್ ಬೇರೆ. ಫೈಬರ್ ಎಳೆ ನೇರವಾಗಿ ಸೇರುವ ಪೆಟ್ಟಿಗೆಯನ್ನು ಬದಲಿಸಿದರೆ ಅದರ ಕ್ರಮಸಂಖ್ಯೆಯನ್ನು ಕಂಪೆನಿಯವರು ತಮ್ಮಲ್ಲಿ ದಾಖಲಿಸಿಕೊಳ್ಳಬೇಕಾಗುತ್ತದೆ. ಆದ್ದರಿಂದ ಅವರನ್ನು ಕೇಳದೆ ಅದನ್ನು ಕೊಳ್ಳಬೇಡಿ. ಸಂಪರ್ಕದ ಯೂಸರ್‌ನೇಮ್, ಪಾಸ್‌ವರ್ಡ್‌ಗಳನ್ನೂ ಮೊದಲೇ ಬರೆದಿಟ್ಟುಕೊಳ್ಳಿ.

3. ಮನೆ ಎಂಥದು?
ವೈಫೈಗೆ ಮುಖ್ಯವಾಗಿ ಎರಡು ದಾರಿಗಳು. 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ಗೋಡೆಯನ್ನೂ ದಾಟುತ್ತದೆ, ಆದರೆ ವೇಗ ಕಡಿಮೆ. 5 ಗಿಗಾಹರ್ಟ್ಸ್ ವೇಗವಾಗಿದ್ದರೂ ದಪ್ಪ ಕಲ್ಲುಗೋಡೆಗೆ ಸೋಲುತ್ತದೆ. ಎರಡೂ ಇರುವ 'ಡ್ಯುಯಲ್ ಬ್ಯಾಂಡ್' ರೂಟರನ್ನೇ ಆರಿಸಿ. ಅದನ್ನು ಮೂಲೆಯ ಕಪಾಟಿನೊಳಗೆ ಇಡದೆ ಮನೆಯ ನಡುವೆ ಎತ್ತರದಲ್ಲಿ ಇಡಿ. ತಗಡಿನ ಗೋಡೆಯಾಚೆಗೋ ಅಂಗಳದಾಚೆಯ ಕೋಣೆಗೋ ಸಿಗ್ನಲ್ ಬೇಕಿದ್ದರೆ ದುಬಾರಿ ರೂಟರಿಗಿಂತ, ಕೇಬಲ್ ಎಳೆದು ಅಲ್ಲಿ ಇನ್ನೊಂದು ಸಾಧಾರಣ ರೂಟರ್ ಇಡುವುದೇ ಲೇಸು. ನೆಟ್‌ವರ್ಕ್ ಕೇಬಲ್ 100 ಮೀಟರ್ ತನಕ ಕೆಲಸ ಮಾಡುತ್ತದೆ. ಊರಿನ ಮನೆಯ ವೈಫೈ ಕಬ್ಬಿನ ಗದ್ದೆ ದಾಟಿ ತೋಟದ ಮನೆಯನ್ನು ಮುಟ್ಟುವುದೆಂದು ಮಾತ್ರ ನಂಬಬೇಡಿ.

4. ಡಬ್ಬಿಯ ಮೇಲಿನ ಅಂಕಿ
'ಎಸಿ 1200' ಎಂದರೆ 300 ಮತ್ತು 867 ಎಂಬಿಪಿಎಸ್ ಕೂಡಿಸಿ ಸುತ್ತು ಮಾಡಿದ ಲೆಕ್ಕ. ಯಾವ ಮೊಬೈಲಿಗೂ ಅಷ್ಟು ವೇಗ ಸಿಗದು. ಅಂಥ ಕೆಲವು ರೂಟರುಗಳ ತಂತಿಯ ಪೋರ್ಟ್ ಕೇವಲ 100 ಎಂಬಿಪಿಎಸ್‌ನದು. ನಿಮ್ಮ ಪ್ಲಾನ್ 100ಕ್ಕಿಂತ ಹೆಚ್ಚಿನದಾದರೆ 'ಗಿಗಾಬಿಟ್' ಪೋರ್ಟ್ ಇದೆಯೇ ಎಂದು ಕೇಳಿ. ಆಂಟೆನಾಗಳನ್ನು ಎಣಿಸಿ ಮರುಳಾಗಬೇಡಿ.

5. ಸುರಕ್ಷತೆ
ಡಬ್ಲ್ಯುಪಿಎ 2 ಎಂಬ ಬೀಗ 2004ರಲ್ಲಿ ಬಂತು, ಅದಕ್ಕಿಂತ ಗಟ್ಟಿಯಾದ ಡಬ್ಲ್ಯುಪಿಎ 3 ಬಂದುದು 2018ರಲ್ಲಿ. ಇಂದು ಕೊಳ್ಳುವ ರೂಟರಿನಲ್ಲಿ ಎರಡನೆಯದೂ ಇರಲಿ. ತಯಾರಕರು ಸಾಫ್ಟ್‌ವೇರ್ ತಿದ್ದುಪಡಿ ನಿಲ್ಲಿಸಿದ ಹಳೆಯ ಮಾದರಿಯನ್ನು ಅಗ್ಗವೆಂದು ತರಬೇಡಿ. 'ಅಡ್ಮಿನ್' ಎಂಬ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿ. ನಿಮ್ಮ ಬ್ಯಾಂಕ್ ವ್ಯವಹಾರವೂ ಇದೇ ಬಾಗಿಲಿನಿಂದ ಹೋಗುತ್ತದೆ.

6. ಕರೆಂಟು, ಸಿಡಿಲು, ನೆರೆ
ಕರೆಂಟ್ ಹೋದಾಗಲೂ ಇಂಟರ್‌ನೆಟ್ ಬೇಕಾದರೆ ಚಿಕ್ಕ ಯುಪಿಎಸ್ ಸಾಕು. ಆದರೆ ಫೈಬರ್ ಪೆಟ್ಟಿಗೆ, ರೂಟರ್ ಎರಡಕ್ಕೂ ಅದು ವಿದ್ಯುತ್ ಕೊಡಬೇಕು. ಫೈಬರಿನ ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯದಿದ್ದರೂ ಸಿಡಿಲಿನ ಹೊಡೆತ ಕರೆಂಟಿನ ತಂತಿಯಿಂದ ಬಂದೀತು. ಮೋಡ ಕವಿದಾಗಲೇ ಪ್ಲಗ್ ಕಿತ್ತಿಡಿ. 2019ರ ಆಗಸ್ಟ್‌ನಲ್ಲಿ ಕೃಷ್ಣೆಯ ನೆರೆ ಈ ಭಾಗದ ಮನೆಗಳಿಗೆ ನುಗ್ಗಿದ್ದನ್ನು ಮರೆಯಲಾಗದು. ನದಿತೀರದವರು ಇವನ್ನು ಗೋಡೆಯ ಮೇಲೆ ಎತ್ತರದಲ್ಲೇ ಕೂರಿಸಲಿ. ನೀರು ಕುಡಿದ ರೂಟರಿಗೆ ಕರೆಂಟ್ ಕೊಡಲೇಬಾರದು.

ಕೊನೆಗೊಂದು ಮಾತು. ಅಂಗಡಿಗೆ ಹೋಗುವಾಗ ಹಳೆಯ ರೂಟರ್, ಅದರ ಅಡಾಪ್ಟರ್ ಮತ್ತು ತಂತಿಗಳ ಜೋಡಣೆಯ ಒಂದು ಫೋಟೋ ಜೊತೆಗಿರಲಿ. ಆ ಕುಟುಂಬದ ಮಗಳು ನೆರೆಮನೆಯವರ ವೈಫೈಯಿಂದ ಸಮಯಕ್ಕೆ ಸರಿಯಾಗಿ ಅರ್ಜಿ ಸಲ್ಲಿಸಿದಳು. ಕೆಂಪು ದೀಪವನ್ನು ಮೊದಲೇ ನೋಡಿದ್ದರೆ ಹಣವೂ ಉಳಿಯುತ್ತಿತ್ತು.