ಲಂಗ ಎತ್ತುವ ಇಕ್ಕಳ

ನೋಡಿದ ತಕ್ಷಣ ಅಡುಗೆಮನೆ ಇಕ್ಕಳದ ಮರಿ ಅನ್ನಿಸುತ್ತೆ. ಲೋಹದ ಎರಡು ತೋಳು, ಅವನ್ನು ಸೇರಿಸುವ ಒಂದು ಪಿವಟ್, ತುದಿಯಲ್ಲಿ ಎರಡು ದುಂಡನೆಯ ಬಿಲ್ಲೆ. ಆದರೆ 19ನೇ ಶತಮಾನದ ಇಂಗ್ಲೆಂಡಿನಲ್ಲಿ ಹೆಂಗಸರು ಇದನ್ನು ಸೊಂಟದಿಂದ ಇಳಿಬಿಟ್ಟುಕೊಂಡು ಓಡಾಡ್ತಿದ್ದರು. ಇದರ ಹೆಸರು ಸ್ಕರ್ಟ್ ಲಿಫ್ಟರ್.

ಯಾಕೆ ಬೇಕಾಯ್ತು? ಆಗಿನ ಲಂಗ ನೆಲ ಗುಡಿಸುವಷ್ಟು ಉದ್ದ. ಲಂಡನ್ ಬೀದಿಯಲ್ಲೋ ಕೆಸರು, ಕುದುರೆ ಲದ್ದಿ. ರಸ್ತೆ ದಾಟಬೇಕಾದರೆ ಒಂದು ಕೈಯಲ್ಲಿ ಲಂಗ, ಇನ್ನೊಂದರಲ್ಲಿ ಕೊಡೆ. ಮತ್ತೆ ಮಗುವಿನ ಕೈ ಹಿಡಿಯೋದು ಹೇಗೆ?

ಬಿಲ್ಲೆಗಳ ನಡುವೆ ಲಂಗದ ಅಂಚು ಸಿಕ್ಕಿಸಿ, ತೋಳಿನ ಮೇಲಿನ ಉಂಗುರ ಜಾರಿಸಿದರೆ ಲಾಕ್. ಇದಕ್ಕೆ ಕಟ್ಟಿದ ದಾರ ಅಥವಾ ಸರಪಳಿ ಸೊಂಟಪಟ್ಟಿಗೆ ಸೇರುತ್ತೆ. ದಾರ ಎಳೆದರೆ ಅಂಚು ಮೇಲೇಳುತ್ತೆ, ಕೈ ಖಾಲಿ!

ಡಿಸೈನಿನ ಕಷ್ಟ ಇರೋದು ಹಿಡಿತದಲ್ಲಿ. ಸಡಿಲ ಬಿಟ್ಟರೆ ರೇಷ್ಮೆ ಜಾರುತ್ತೆ, ಬಿಗಿ ಮಾಡಿದರೆ ಹರಿಯುತ್ತೆ. ಅದಕ್ಕೇ ತುದಿ ಚೂಪಾಗಿಲ್ಲ, ಅಗಲವಾಗಿದೆ. ಅದೇ ಬಲ ಹೆಚ್ಚು ಜಾಗಕ್ಕೆ ಹಂಚಿದರೆ ಒತ್ತಡ ಕಡಿಮೆ. ಕೆಲವಕ್ಕೆ ಒಳಮೈಗೆ ರಬ್ಬರ್ ಕೂಡ ಇರುತ್ತಿತ್ತು, ಘರ್ಷಣೆ ಹೆಚ್ಚಲಿ ಅಂತ. ನಮ್ಮ ಫಸ್ಟ್ ಇಯರ್ ಮೆಕ್ಯಾನಿಕ್ಸೇ!

ಇನ್ನೊಂದು ಉಪಾಯವೂ ಇತ್ತು. ಲಂಗದ ಅಂಚಿಗೆ ಬ್ರಷ್ ಬ್ರೇಡ್ ಅನ್ನೋ ಗಟ್ಟಿ ಪಟ್ಟಿ ಹೊಲಿಯೋದು, ಸವೆದರೆ ಬಿಚ್ಚಿ ಹೊಸದು ಹಾಕೋದು. ಅಮ್ಮನ ಸೀರೆಯ ಫಾಲ್ ನೆನಪಾಯ್ತಾ? ಅದೇ ಲೆಕ್ಕ: ಸವೆಯೋದಾದರೆ ಅಗ್ಗದ್ದು ಸವೆಯಲಿ.

ಆದರೆ ಇವೆಲ್ಲ ಪ್ಯಾಚ್‌ಗಳು. ಬಗ್ ಇದ್ದದ್ದು ಲಂಗದಲ್ಲೇ. 1881ರಲ್ಲಿ ಲಂಡನ್ನಿನಲ್ಲಿ ಶುರುವಾದ ರ‍್ಯಾಷನಲ್ ಡ್ರೆಸ್ ಸೊಸೈಟಿ ಅದನ್ನು ನೇರವಾಗಿ ಹೇಳಿತು. ಒಳಉಡುಪುಗಳ ತೂಕವೇ 7 ಪೌಂಡ್, ಅಂದರೆ ಸುಮಾರು 3.2 ಕಿಲೋ ಮೀರಬಾರದು ಅಂತ ಅದು ಕೇಳಬೇಕಾಯ್ತು ಅಂದ್ರೆ ಹೊರೆ ಎಷ್ಟಿತ್ತು ಯೋಚಿಸಿ. 1882ರಲ್ಲಿ ರಾಬರ್ಟ್ ಕಾಖ್ ಕ್ಷಯದ ಬ್ಯಾಕ್ಟೀರಿಯಾ ಗುರುತಿಸಿದರು. ಆಮೇಲೆ, ಉದ್ದ ಲಂಗ ಬೀದಿಯ ಉಗುಳನ್ನು ಮನೆಯೊಳಗೆ ತರುತ್ತೆ ಅನ್ನೋ ಭಯವೂ ಸೇರಿಕೊಂಡಿತು. 1890ರ ದಶಕದಲ್ಲಿ ಸೈಕಲ್ ಜನಪ್ರಿಯವಾಯ್ತು, ಮೊದಲ ಮಹಾಯುದ್ಧದ ಹೊತ್ತಿಗೆ ಲಂಗ ಪಾದ ಬಿಟ್ಟು ಮೇಲೇರಿತು. ಇಕ್ಕಳಕ್ಕೆ ಕೆಲಸವೇ ಇಲ್ಲದಂತಾಯ್ತು.

ಇಕ್ಕಳ ಮಾಡಿದವರು ಜಾಣರೇ. ಆದರೆ "ಲಂಗ ಇಷ್ಟು ಉದ್ದ ಯಾಕೆ?" ಅಂತ ಕೇಳಿದವರಿಂದಲೇ ಸಮಸ್ಯೆ ನಿಜವಾಗಿ ಬಗೆಹರಿದದ್ದು. ಪ್ರಾಜೆಕ್ಟಿಗೆ ಇನ್ನೊಂದು ಪಾರ್ಟ್ ಸೇರಿಸೋ ಮುಂಚೆ ನಾವೂ ಅದನ್ನೊಮ್ಮೆ ಕೇಳಿಕೊಳ್ಳೋಣ.