ಹವ್ಯಾಸದ ಹಳಿ, ಉದ್ದಿಮೆಯ ದಾರಿ

ತಿಪಟೂರಿನ ಕೊಬ್ಬರಿಗೂ ರೈಲಿಗೂ ಹಳೆಯ ನಂಟು. ಇಲ್ಲಿನ ಮಾರ್ಗವು 1990ರ ದಶಕದಲ್ಲಿ ಬ್ರಾಡ್‌ಗೇಜ್ ಆಗುವವರೆಗೆ ಮೀಟರ್‌ಗೇಜ್ ಗಾಡಿಗಳೇ ಓಡುತ್ತಿದ್ದವು. ಅಂಥ ಎಂಜಿನ್‌ಗಳನ್ನು 1979ರಲ್ಲಿ ಸ್ಥಾಪಿತವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು. ರೈಲುಪ್ರಿಯರು ಅವುಗಳ ಪುಟ್ಟ ಮಾದರಿಗಳನ್ನು ಮನೆಯಲ್ಲಿ ನಿರ್ಮಿಸುವುದೂ ಉಂಟು.

ಜಗತ್ತಿನಲ್ಲಿ ಹೆಚ್ಚು ಪ್ರಚಲಿತವಾದ ‘ಎಚ್‌ಒ’ ಅಳತೆಯು 1:87. ಇದರಲ್ಲಿ 21.3 ಮೀಟರ್ ಉದ್ದದ ಬೋಗಿಯು ಸುಮಾರು 24.5 ಸೆಂ.ಮೀ. ಆಗುತ್ತದೆ. ಆದರೆ ಸಿದ್ಧವಾಗಿ ದೊರೆಯುವ 16.5 ಮಿ.ಮೀ. ಅಗಲದ ಹಳಿಯು ವಿದೇಶಗಳ 1,435 ಮಿ.ಮೀ. ಮಾರ್ಗಕ್ಕೆ ತಕ್ಕುದು. ನಮ್ಮ 1,676 ಮಿ.ಮೀ. ಬ್ರಾಡ್‌ಗೇಜ್‌ಗೆ ಸುಮಾರು 19.3 ಮಿ.ಮೀ. ಬೇಕು. ಹವ್ಯಾಸಿಗಳು ಹಳಿಯನ್ನು ಕೈಯಾರೆ ಮಾಡಿಕೊಳ್ಳಬೇಕು, ಇಲ್ಲವೇ ಅಳತೆಯಲ್ಲಿ ರಾಜಿಯಾಗಬೇಕು.

ಈ ಕೊರತೆಯೇ ಸಣ್ಣ ಉದ್ದಿಮೆದಾರರಿಗೆ ಅವಕಾಶ. ಹಳಿ, ಚಕ್ರಗಳು ಚಿಕ್ಕ ಲೇತ್ ಮತ್ತು ಅಚ್ಚುಗಳಿಂದ ಆಗುವ ಕೆಲಸ. ಮಾದರಿಯ ನೆಲಹಾಸಿಗೆ ನಮ್ಮ ತೆಂಗಿನ ನಾರಿನ ಪುಡಿಯೂ ಒದಗೀತು. ಬೇಡಿಕೆ ಮಿತವಾದುದರಿಂದ, ಮುಂಗಡ ಆರ್ಡರು ಪಡೆದೇ ತಯಾರಿಕೆಗೆ ಇಳಿಯುವುದು ಕ್ಷೇಮಕರ.