ಕಲ್ಲಿಗೆ ದಿಕ್ಕು ಕೇಳುವವರು

ಭೂಗೋಳ ವಿಭಾಗದ ಮಿತ್ರರು ನನ್ನನ್ನು ‘ಕಲ್ಲಿಗೆ ದಿಕ್ಕು ಕೇಳುವವನು’ ಎಂದು ಹಾಸ್ಯ ಮಾಡುವುದುಂಟು. ಮಾತು ಸುಳ್ಳಲ್ಲ. ಈ ಕಾಲೇಜಿಗೆ ಅಧ್ಯಾಪಕನಾಗಿ ಬರುವ ಮುನ್ನ ನಾನು ಅಭ್ಯಸಿಸುತ್ತಿದ್ದುದು ಪ್ರಾಚೀನ ಭೂಕಾಂತತ್ವವೆಂಬ ಶಾಸ್ತ್ರವನ್ನು. ಶಿಲಾರಸವು ಗಟ್ಟಿಯಾಗಿ, ಅದರೊಳಗಿನ ಮ್ಯಾಗ್ನೆಟೈಟ್ ಕಣಗಳು ಸುಮಾರು 580 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಕ್ಕೆ ತಣಿದಾಗ ಅಂದಿನ ಭೂಕಾಂತದ ದಿಕ್ಕು ಅವುಗಳಲ್ಲಿ ಅಚ್ಚೊತ್ತಿ ನಿಲ್ಲುವುದು. ಅದನ್ನು ಅಳೆದರೆ ಆ ನೆಲವು ಆಗ ಯಾವ ಅಕ್ಷಾಂಶದಲ್ಲಿತ್ತೆಂದು ಊಹಿಸಬಹುದು. ಬೆಂಗಳೂರಿನ ಸುತ್ತಲಿನ ಕರಿಕಲ್ಲಿನ ಡೈಕುಗಳಲ್ಲಿ ಹಲವು ಸುಮಾರು 237 ಕೋಟಿ ವರ್ಷ ಹಳೆಯವು!

ಕಲ್ಲನ್ನು ಕೀಳುವ ಮೊದಲೇ ಅದರ ಮೇಲೆ ಉತ್ತರದಿಕ್ಕಿನ ಬಾಣವನ್ನು ಗುರುತಿಸಬೇಕು. ಕಲ್ಲೇ ಕಾಂತವಾದ್ದರಿಂದ ದಿಕ್ಸೂಚಿಯನ್ನು ಪೂರ್ತಿ ನಂಬುವಂತಿಲ್ಲ. ಸೂರ್ಯನ ನೆರಳನ್ನು ನೋಡಬೇಕು. (ಮೋಡದ ದಿನ ಮರದಡಿ ಕುಳಿತು ಕಡಲೆಕಾಯಿ ತಿನ್ನಬೇಕು.) ಗುಡ್ಡದ ನೆತ್ತಿಗೆ ಎಂದೋ ಬಡಿದ ಸಿಡಿಲು ಹಳೆಯ ಅಚ್ಚನ್ನು ಅಳಿಸಿರಲೂಬಹುದು. ಅದು ತಿಳಿಯುವುದು ಪ್ರಯೋಗಾಲಯದಲ್ಲಿ. ಅಂಥ ಪ್ರಯೋಗಾಲಯಗಳೋ ದೇಶದಲ್ಲಿ ಬೆರಳೆಣಿಕೆಯಷ್ಟು. ಸ್ವಂತ ಯಂತ್ರವಿಲ್ಲದ ಹೊಸ ಸಂಶೋಧಕನು ಇತರರ ಬಾಗಿಲಲ್ಲಿ ಕಾಯಲೇಬೇಕು.

ನನ್ನ ಪೆಟ್ಟಿಗೆ ಒಂದೆಡೆ 11 ತಿಂಗಳು ಸರದಿ ಕಾಯಿತು. ಅಷ್ಟರಲ್ಲಿ ವಿದ್ಯಾರ್ಥಿವೇತನ ಮುಗಿಯಿತು. ಫಲಿತಾಂಶ ಬಂದಾಗ ಅರ್ಧಕ್ಕರ್ಧ ಸಿಡಿಲು ಕೆಡಿಸಿದ ಕಲ್ಲುಗಳು! ಸಾಲ ಮಾಡಿ ಮತ್ತೆ ಆ ಊರಿಗೆ ಹೋದೆ. ಡೈಕ್ ಇದ್ದಲ್ಲಿ ನೀರು ತುಂಬಿದ ಕ್ವಾರಿ ಇತ್ತು. ಕಲ್ಲು ನುಣುಪಾಗಿ ಯಾವ ದೇಶದ ಸಮಾಧಿಯ ಮೇಲೆ ನಿಂತಿದೆಯೋ, ಅದಕ್ಕೆ ಉತ್ತರ ಯಾವ ಕಡೆಯೋ!

ಕೆಡದೆ ಉಳಿದ 19 ತುಂಡುಗಳು ವಿಭಾಗದ ಬೀರುವಿನಲ್ಲಿವೆ. ಬಾಣದ ಗುರುತು ಇನ್ನೂ ಅಳಿಸಿಲ್ಲ. ಅಳೆಯುವ ಮನಸ್ಸುಳ್ಳ ವಿದ್ಯಾರ್ಥಿಗಳು ಬಂದು ಕೇಳಬಹುದು. ಬೀಗದ ಕೈ ನನ್ನಲ್ಲಿದೆ.